ಇಡೀ ಕ್ಯಾಂಪಸ್ಸಿಗೆ ಒಂದೇ ಪುಸ್ತಕ: ಸಹ ಓದು ಕಾರ್ಯಕ್ರಮ ನಡೆಸುವುದು ಹೇಗೆ?

ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗಿಗೆ ಮೊದಲ ತಿಂಗಳು ಪರಿಚಯ ಇರುವುದು ಅವಳ ಬೆಂಚಿನವರು ಮಾತ್ರ. ಅಡ್ಮಿಷನ್ ಕೌಂಟರಿನಲ್ಲಿ ಕೂತವರ ಹೆಸರು ಗೊತ್ತಿರುವುದಿಲ್ಲ. ಲ್ಯಾಬ್ ಅಟೆಂಡರ್ ಜೊತೆ ಮಾತಾಡುವುದು ಏನಾದರೂ ಒಡೆದಾಗ. ಲೆಕ್ಚರರ್ ಜೊತೆ ಮಾತಾಡುವುದು ಅಟೆಂಡೆನ್ಸ್ ಕಮ್ಮಿಯಾದಾಗ. ಮೂರು ವರ್ಷ ಒಂದೇ ಗೇಟಿನಲ್ಲಿ ಓಡಾಡಿದವರು ಒಬ್ಬರಿಗೊಬ್ಬರು ಅಪರಿಚಿತರಾಗಿಯೇ ಹೊರಟುಹೋಗುತ್ತಾರೆ.

ಇದನ್ನು ಬದಲಾಯಿಸಲು ಹಲವು ವಿಶ್ವವಿದ್ಯಾಲಯಗಳು ಒಂದು ದಾರಿ ಹಿಡಿದಿವೆ. ವರ್ಷಕ್ಕೊಂದು ಪುಸ್ತಕ ಆರಿಸುವುದು, ಅದನ್ನು ಇಡೀ ಕ್ಯಾಂಪಸ್ ಓದುವುದು. ವಿದ್ಯಾರ್ಥಿ, ಪ್ರೊಫೆಸರ್, ಗುಮಾಸ್ತರು, ಮೆಸ್ಸಿನ ಅಡುಗೆಯವರು, ಸೆಕ್ಯುರಿಟಿಯವರು, ಎಲ್ಲರ ಕೈಯಲ್ಲೂ ಅದೇ ಪುಸ್ತಕ. ಆಮೇಲೆ ಅದರ ನೆಪದಲ್ಲಿ ಮಾತು.

ನಮ್ಮ ಪದವಿ ಕಾಲೇಜು, ಎಂಜಿನಿಯರಿಂಗ್ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಇದನ್ನು ಶುರು ಮಾಡಬೇಕು ಅಂದುಕೊಂಡವರಿಗಾಗಿ ಈ ಬರಹ. ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದು, ಇದಕ್ಕೆ ಅಂಕ ಇಡಬೇಡಿ. ಎರಡು, ಬೋಧಕೇತರ ಸಿಬ್ಬಂದಿಯನ್ನು ಬಿಟ್ಟು ಮಾಡಬೇಡಿ. ಇವೆರಡು ತಪ್ಪಿದರೆ ಉಳಿಯುವುದು ಇನ್ನೊಂದು ಅಸೈನ್‌ಮೆಂಟ್ ಮಾತ್ರ.

ಬೇರೆ ಕಡೆ ಹೇಗೆ ನಡೆದಿದೆ

1998ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ನ್ಯಾನ್ಸಿ ಪರ್ಲ್ ಎಂಬ ಲೈಬ್ರರಿಯನ್, ಇಡೀ ಊರು ಒಂದೇ ಪುಸ್ತಕ ಓದಿದರೆ ಹೇಗೆ ಅಂತ ಕೇಳಿ ಅದನ್ನು ಮಾಡಿಯೂ ತೋರಿಸಿದರು. ಅಲ್ಲಿಂದ ಬೇರೆ ಬೇರೆ ಊರುಗಳಿಗೆ ಈ ಪದ್ಧತಿ ಹಬ್ಬಿತು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಹೊಸ ವಿದ್ಯಾರ್ಥಿಗಳಿಗೆ ಕ್ಲಾಸು ಶುರುವಾಗುವ ಮೊದಲೇ ಒಂದು ಪುಸ್ತಕ ಓದಿಸುವ ರೂಢಿ ಬೆಳೆಸಿಕೊಂಡವು. ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದ 'ಗೋ ಬಿಗ್ ರೀಡ್' 2009ರಲ್ಲಿ ಶುರುವಾಯಿತು.

ನಮಗೆ ಹೆಚ್ಚು ಹತ್ತಿರ ಅನ್ನಿಸುವುದು ಲಂಡನ್ನಿನ ಕಿಂಗ್ಸ್‌ಟನ್ ವಿಶ್ವವಿದ್ಯಾಲಯದ ಉದಾಹರಣೆ. ಅಲ್ಲಿ ಮನೆಯಿಂದಲೇ ಓಡಾಡಿಕೊಂಡು ಓದುವವರು ಜಾಸ್ತಿ. ಕ್ಲಾಸು ಮುಗಿದ ಕೂಡಲೇ ಹೊರಡುವವರಿಗೆ ಕ್ಯಾಂಪಸ್ ನಮ್ಮದು ಅನ್ನಿಸುವುದು ಕಷ್ಟ. ಪ್ರಕಾಶನ ವಿಷಯ ಕಲಿಸುವ ಅಲಿಸನ್ ಬೇವರ್‌ಸ್ಟಾಕ್ 2015ರಲ್ಲಿ ಅಲ್ಲಿ 'ಬಿಗ್ ರೀಡ್' ಶುರು ಮಾಡಿದರು. ಸೀಟು ಸಿಕ್ಕ ವಿದ್ಯಾರ್ಥಿಗಳಿಗೆ ಕ್ಯಾಂಪಸ್ಸಿಗೆ ಕಾಲಿಡುವ ಮೊದಲೇ ಅಂಚೆಯಲ್ಲಿ ಪುಸ್ತಕ ಹೋಯಿತು. ಬೋಧಕರಿಗೆ ಮಾತ್ರವಲ್ಲ, ಆಡಳಿತ ಸಿಬ್ಬಂದಿಗೂ ಪ್ರತಿ ಸಿಕ್ಕಿತು. ಬೇವರ್‌ಸ್ಟಾಕ್ ಅವರು ಸೇನೆಯ ಕುಟುಂಬಗಳಿಗಾಗಿ 'ರೀಡಿಂಗ್ ಫೋರ್ಸ್' ಎಂಬ ಕೆಲಸವನ್ನೂ ಕಟ್ಟಿದವರು. ದೂರ ಇರುವ ಅಪ್ಪ, ಮನೆಯಲ್ಲಿರುವ ಮಗು ಒಂದೇ ಪುಸ್ತಕ ಓದಿ ಅದರ ಬಗ್ಗೆ ಮಾತಾಡುವುದು ಅದರ ತಿರುಳು. ಅದೇ ಯೋಚನೆಯನ್ನು ಕ್ಯಾಂಪಸ್ಸಿಗೂ ಹೊಂದಿಸಬಹುದು. ಒಂದೇ ಪುಸ್ತಕ ಓದಿದ ಇಬ್ಬರಿಗೆ ಮಾತು ಶುರು ಮಾಡಲು ಬೇರೆ ಪರಿಚಯ ಬೇಕಾಗುವುದಿಲ್ಲ.

ಗುಂಪಾಗಿ ಓದುವುದು ನಮಗೂ ಹೊಸದಲ್ಲ. ಗಮಕಿ, ಅಂದರೆ ಕಾವ್ಯವನ್ನು ರಾಗವಾಗಿ ಓದುವವರು, ಕುಮಾರವ್ಯಾಸ ಭಾರತ ವಾಚನ ಮಾಡುತ್ತಿದ್ದರೆ ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುತ್ತಿದ್ದರು. ಅಕ್ಷರ ಬಂದವರು, ಬಾರದವರು ಒಟ್ಟಿಗೆ ಕೂತು ಕೇಳುತ್ತಿದ್ದರು. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಇವತ್ತಿಗೂ ಗಮಕಕ್ಕೆ ಹೆಸರಾದ ಊರು. ಈ ಕ್ರಮ ಮುಂದೆ ನಮ್ಮ ಉಪಯೋಗಕ್ಕೂ ಬರುತ್ತದೆ.

ಮೊದಲು ಸಮಿತಿ, ಆಮೇಲೆ ಪ್ರಿನ್ಸಿಪಾಲ್

ಒಬ್ಬರೇ ಹೊತ್ತುಕೊಂಡರೆ ಅವರಿಗೆ ವರ್ಗಾವಣೆ ಆದ ದಿನ ಕಾರ್ಯಕ್ರಮವೂ ನಿಲ್ಲುತ್ತದೆ. ಎಂಟು–ಒಂಬತ್ತು ಜನ ಸೇರಿ. ಲೈಬ್ರರಿಯನ್ ಸಂಚಾಲಕರಾಗಿರಲಿ. ಕನ್ನಡ ಅಥವಾ ಇಂಗ್ಲಿಷ್ ವಿಭಾಗ ಮುಂದೆ ನಿಂತರೆ ಬಿಕಾಂ, ಬಿಎಸ್‌ಸಿಯವರು 'ಅದು ಅವರ ಕಾರ್ಯಕ್ರಮ' ಅಂದುಕೊಂಡು ದೂರ ಉಳಿಯುತ್ತಾರೆ. ಲೈಬ್ರರಿ ಯಾವ ವಿಭಾಗದ್ದೂ ಅಲ್ಲ, ಎಲ್ಲರದ್ದು. ಸಾಹಿತ್ಯದವರು ಒಬ್ಬರು, ವಿಜ್ಞಾನ ಅಥವಾ ಕಾಮರ್ಸ್‌ನಿಂದ ಒಬ್ಬರು, ಒಬ್ಬ ಅತಿಥಿ ಉಪನ್ಯಾಸಕರು, ಆಫೀಸ್ ಸೂಪರಿಂಟೆಂಡೆಂಟ್, ಹಾಸ್ಟೆಲ್ ವಾರ್ಡನ್, ಡಿ ಗ್ರೂಪ್ ಅಥವಾ ಲ್ಯಾಬ್ ಸಿಬ್ಬಂದಿಯಿಂದ ಒಬ್ಬರು, ಎರಡನೇ ವರ್ಷದ ಇಬ್ಬರು ವಿದ್ಯಾರ್ಥಿಗಳು ಇದ್ದರೆ ಸಾಕು. ಕೊನೆಯ ವರ್ಷದವರು ಬೇಡ. ಅವರಿಗೆ ಪ್ರಾಜೆಕ್ಟು, ಪ್ಲೇಸ್‌ಮೆಂಟು ಇರುತ್ತದೆ.

ಪ್ರಿನ್ಸಿಪಾಲರ ಬಳಿ ಹೋಗುವಾಗ ಎರಡು ವಿಷಯ ಇಟ್ಟುಕೊಂಡು ಹೋಗಿ. ಹೊಸ ವಿದ್ಯಾರ್ಥಿಗಳಿಗೆ ಇಂಡಕ್ಷನ್ (ಶುರುವಿನ ಪರಿಚಯ ಕಾರ್ಯಕ್ರಮ) ಹೇಗಿರಬೇಕು ಅಂತ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2019ರಲ್ಲಿ 'ದೀಕ್ಷಾರಂಭ' ಹೆಸರಿನ ಮಾರ್ಗಸೂಚಿ ತಂದಿದೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಎಂಜಿನಿಯರಿಂಗ್ ಕಾಲೇಜುಗಳಿಗೆ ಮೂರು ವಾರದ ಇಂಡಕ್ಷನ್ ಇಟ್ಟಿದೆ, ಅದರಲ್ಲಿ ಸಾಹಿತ್ಯಕ್ಕೂ ಜಾಗ ಇದೆ. ಹಾಗಾಗಿ ಸಹ ಓದಿಗೆ ಹೊಸದಾಗಿ ಸಮಯ ಹುಡುಕಬೇಕಿಲ್ಲ, ಇರುವ ಸಮಯದೊಳಗೇ ಹೊಂದಿಸಬಹುದು. ಇನ್ನೊಂದು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕೊಡುವ ವರದಿಯಲ್ಲಿ 'ಬೆಸ್ಟ್ ಪ್ರಾಕ್ಟೀಸಸ್' ಅಂತ ಎರಡು ಕೆಲಸ ತೋರಿಸಬೇಕಲ್ವಾ? ಅದರಲ್ಲಿ ಒಂದು ಇದೇ ಆಗಬಹುದು. ಐಕ್ಯೂಎಸಿ (ಕಾಲೇಜಿನೊಳಗೆ ಗುಣಮಟ್ಟ ನೋಡಿಕೊಳ್ಳುವ ಘಟಕ) ಸಂಯೋಜಕರನ್ನು ಮೊದಲೇ ಒಪ್ಪಿಸಿಕೊಂಡರೆ ಅರ್ಧ ಕೆಲಸ ಆದಂತೆ.

ಅಂಕದ ಮಾತು ಬರುವುದೂ ಇದೇ ಮೀಟಿಂಗಿನಲ್ಲಿ. 'ಇಂಟರ್ನಲ್ಸ್‌ಗೆ ಐದು ಅಂಕ ಕೊಡಿ, ಎಲ್ಲರೂ ಓದುತ್ತಾರೆ' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಅಂಕ ಇಟ್ಟ ಕೂಡಲೇ ಓದುವವರು ಮತ್ತು ಓದಿಸುವವರು ಅಂತ ಎರಡು ಪಕ್ಷ ಆಗುತ್ತದೆ. ಯೂಟ್ಯೂಬಿನಲ್ಲಿ ಸಾರಾಂಶ ಹುಡುಕುವುದು ಶುರುವಾಗುತ್ತದೆ. ಅಟೆಂಡರಿಗೆ ಅಂಕ ಕೊಡುವ ಹಾಗಿಲ್ಲವಲ್ಲ, ಹಾಗಾಗಿ ಅವರು ಅಲ್ಲಿಗೇ ಹೊರಗೆ ಉಳಿಯುತ್ತಾರೆ. ನೂರು ಜನ ಒತ್ತಾಯಕ್ಕೆ ಓದುವುದಕ್ಕಿಂತ ನಲವತ್ತು ಜನ ಮನಸ್ಸಿನಿಂದ ಓದಿದರೆ ಮುಂದಿನ ವರ್ಷ ಎಂಬತ್ತು ಜನ ಆಗಬಹುದು.

ಪುಸ್ತಕ ಆರಿಸುವುದು

ಇಲ್ಲಿ ಅವಸರ ಮಾಡಬೇಡಿ. ತರಗತಿ ಜುಲೈ–ಆಗಸ್ಟ್‌ನಲ್ಲಿ ಶುರುವಾಗುವುದಾದರೆ ಹಿಂದಿನ ಡಿಸೆಂಬರ್‌ನಲ್ಲೇ ಹುಡುಕಾಟ ಆರಂಭಿಸಿ, ಫೆಬ್ರವರಿ ಕೊನೆಗೆ ಹೆಸರು ಖಚಿತ ಮಾಡಿ.

ಮೊದಲು ಕ್ಯಾಂಪಸ್ಸಿನ ಎಲ್ಲರಿಂದ ಸಲಹೆ ಕೇಳಿ. ಲೈಬ್ರರಿ ಬಾಗಿಲಲ್ಲಿ ಒಂದು ಡಬ್ಬ, ಪಕ್ಕದಲ್ಲಿ ಚೀಟಿ, ಒಂದು ಪೆನ್ನು ಇಟ್ಟರೆ ಸಾಕು. ಗೂಗಲ್ ಫಾರ್ಮ್ ಮಾತ್ರ ಇಟ್ಟರೆ ಫಾರ್ಮ್ ತುಂಬುವ ಅಭ್ಯಾಸ ಇರುವವರು ಮಾತ್ರ ಬರೆಯುತ್ತಾರೆ. ಬಂದ ಹೆಸರುಗಳಲ್ಲಿ ಐದನ್ನು ಸಮಿತಿ ಆರಿಸಲಿ. ಆ ಐದನ್ನೂ ಸಮಿತಿಯ ಪ್ರತಿಯೊಬ್ಬರೂ ಪೂರ್ತಿ ಓದಲೇಬೇಕು. ಓದದೆ ಹೆಸರು ನೋಡಿ ಓಟು ಹಾಕುವ ಹಾಗಿಲ್ಲ.

ಆರಿಸುವಾಗ ನಾನು ನೋಡುವುದು ಇಷ್ಟು.

ಪುಟ 200 ದಾಟಬಾರದು. 120ರಿಂದ 160 ಆದರೆ ಇನ್ನೂ ಒಳ್ಳೆಯದು. ಶಾಲೆಯ ಪಠ್ಯ ಬಿಟ್ಟರೆ ಇದೇ ಮೊದಲ ಪುಸ್ತಕ ಅನ್ನುವವರು ತುಂಬ ಜನ ಇರುತ್ತಾರೆ. ಅವರಿಗೆ ಒಂದು ಪುಸ್ತಕ ಮುಗಿಸಿದೆ ಅನ್ನುವ ಸಂತೋಷ ಸಿಗಬೇಕು.

ಯಾವುದಾದರೂ ಸೆಮಿಸ್ಟರಿನ ಪಠ್ಯದಲ್ಲಿ ಇರಬಾರದು. ಒಂದು ವಿಭಾಗದವರಿಗೆ ಅದು ಪರೀಕ್ಷೆ, ಉಳಿದವರಿಗೆ ಕಥೆ ಅಂತಾದರೆ ಮಾತು ಒಂದೇ ಕಡೆ ವಾಲುತ್ತದೆ. ಸಿನಿಮಾ ಆಗಿ ಜನಪ್ರಿಯವಾದ ಪುಸ್ತಕವೂ ಬೇಡ, ಎಲ್ಲರೂ ಸಿನಿಮಾ ಬಗ್ಗೆಯೇ ಮಾತಾಡುತ್ತಾರೆ.

ಲೇಖಕರು ನಮ್ಮ ನಡುವೆ ಇದ್ದು, ಬಂದು ಮಾತಾಡುವಂತಿದ್ದರೆ ಒಳ್ಳೆಯದು. ಇದು ಕಡ್ಡಾಯ ಅಲ್ಲ, ಆದರೆ ತುಂಬ ಅನುಕೂಲ.

ಜಗಳಕ್ಕೆ ಆಸ್ಪದ ಇರಬೇಕು. ಜಗಳ ಅಂದರೆ ಇಬ್ಬರು ಒಳ್ಳೆಯ ಓದುಗರು ಒಂದು ಪಾತ್ರದ ಬಗ್ಗೆ ಬೇರೆ ಬೇರೆ ತೀರ್ಮಾನಕ್ಕೆ ಬರುವಂಥದ್ದು. 'ಕಷ್ಟಪಟ್ಟರೆ ಯಶಸ್ಸು ಸಿಗುತ್ತದೆ' ಅನ್ನುವ ಪುಸ್ತಕದ ಬಗ್ಗೆ ಮಾತಾಡಲು ಏನೂ ಉಳಿಯುವುದಿಲ್ಲ. ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ಆಡಳಿತ ಮಂಡಳಿಯವರು ಇಷ್ಟಪಟ್ಟು ಸೂಚಿಸುತ್ತಾರೆ. ವಿನಯದಿಂದಲೇ ಬೇಡ ಅನ್ನಿ.

ಕೊನೆಯದು ಭಾಷೆ. ಬೆಂಗಳೂರು, ಮಂಗಳೂರು, ಮಣಿಪಾಲದಂಥ ಕಡೆ ಕನ್ನಡ ಓದಲು ಬಾರದ ವಿದ್ಯಾರ್ಥಿಗಳು, ಅಧ್ಯಾಪಕರು ಸಾಕಷ್ಟು ಇರುತ್ತಾರೆ. ಅದೇ ಕ್ಯಾಂಪಸ್ಸಿನಲ್ಲಿ ಇಂಗ್ಲಿಷ್ ಕಾದಂಬರಿ ಓದಲು ಆಗದ ಸಿಬ್ಬಂದಿಯೂ ಇರುತ್ತಾರೆ. ಆದ್ದರಿಂದ ಎರಡೂ ಭಾಷೆಯಲ್ಲಿ ಸಿಗುವ ಕನ್ನಡ ಪುಸ್ತಕ ಹುಡುಕಿ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಚಿಕ್ಕದು, ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದವೂ ಇದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ತೆಗೆದುಕೊಳ್ಳುವುದಾದರೆ ಒಂದು ವಿಷಯ ನೆನಪಿಡಿ. ದೀಪಾ ಭಾಸ್ತಿ ಅನುವಾದಿಸಿದ ಆ ಪುಸ್ತಕದ 12 ಕಥೆಗಳು ಬಾನು ಅವರ ಬೇರೆ ಬೇರೆ ಕನ್ನಡ ಸಂಕಲನಗಳಿಂದ ಆಯ್ದವು. ಅಂಗಡಿಯಲ್ಲಿ ಸಿಕ್ಕ ಯಾವುದೋ ಒಂದು ಸಂಕಲನ ಕೊಂಡರೆ ಕನ್ನಡದವರು ಒಂದು ಕಥೆ, ಇಂಗ್ಲಿಷಿನವರು ಇನ್ನೊಂದು ಕಥೆ ಓದಿಕೊಂಡು ಬರುತ್ತಾರೆ. ಕಥೆಯಿಂದ ಕಥೆಗೆ ತಾಳೆ ನೋಡಿ, ಮೂರು–ನಾಲ್ಕು ಕಥೆಗಳನ್ನು ಆರಿಸಿಕೊಳ್ಳಿ.

ಐದರಲ್ಲಿ ಎರಡು ಉಳಿದಾಗ ಒಂದು ಪರೀಕ್ಷೆ ಮಾಡಿ. ಪ್ರತಿ ಪುಸ್ತಕದ ಮೊದಲ ಹತ್ತು ಪುಟವನ್ನು ಸಮಿತಿಯಲ್ಲಿ ಗಟ್ಟಿಯಾಗಿ ಓದಿ. ಯಾವುದರಲ್ಲಿ ಜನ 'ಮುಂದೆ?' ಅಂತಾರೋ ಅದನ್ನೇ ಇಟ್ಟುಕೊಳ್ಳಿ.

ದುಡ್ಡು, ಆರ್ಡರು, ಸೀಲು

ಒಂದು ಲೆಕ್ಕ ಹೇಳುತ್ತೇನೆ. 800 ಜನರ ಕಾಲೇಜು, ಪುಸ್ತಕದ ಮುಖಬೆಲೆ 150 ರೂಪಾಯಿ, ಪ್ರಕಾಶಕರು ಶೇ 30 ರಿಯಾಯಿತಿ ಕೊಟ್ಟರು ಅಂದುಕೊಳ್ಳಿ. ಒಂದು ಪ್ರತಿಗೆ 105 ರೂಪಾಯಿ, ಒಟ್ಟು 84,000. ಅಷ್ಟು ಆಗದಿದ್ದರೆ ಇಬ್ಬರಿಗೆ ಒಂದು ಪ್ರತಿ, 42,000. ಮೊದಲ ವರ್ಷ ಹೊಸ ವಿದ್ಯಾರ್ಥಿಗಳಿಗೆ ಮತ್ತು ಸಿಬ್ಬಂದಿಗೆ ಮಾತ್ರ ಅಂತ ಇಟ್ಟುಕೊಂಡರೆ ಇನ್ನೂ ಕಮ್ಮಿ. ನೇರವಾಗಿ ಪ್ರಕಾಶಕರ ಜೊತೆ ಮಾತಾಡಿ. ಕನ್ನಡದ ಬಹಳಷ್ಟು ಪ್ರಕಾಶಕರಿಗೆ ಒಟ್ಟಿಗೆ ಕೆಲವು ನೂರು ಪ್ರತಿಗಳ ಆರ್ಡರ್ ದೊಡ್ಡ ವಿಷಯ. ಪ್ರತಿ ಮುಗಿದಿದ್ದರೆ ನಿಮಗಾಗಿಯೇ ಮರುಮುದ್ರಣ ಮಾಡಲೂ ಒಪ್ಪಬಹುದು. ಅದಕ್ಕೆ ಎರಡು ತಿಂಗಳಾದರೂ ಸಮಯ ಕೊಡಿ. ಹಣಕ್ಕೆ ಹಳೆಯ ವಿದ್ಯಾರ್ಥಿಗಳ ಸಂಘ ಒಳ್ಳೆಯ ಮೂಲ. 'ಹತ್ತು ಮಕ್ಕಳಿಗೆ ಪುಸ್ತಕ ಕೊಡಿಸಿ' ಅಂತ ಕೇಳಿದರೆ ಕೊಡುವವರು ಇದ್ದಾರೆ. ಸರ್ಕಾರಿ ಸಂಸ್ಥೆಯಾದರೆ ಖರೀದಿಗೆ 1999ರ ಕೆಟಿಪಿಪಿ ಕಾಯ್ದೆಯ (ಸರ್ಕಾರಿ ಖರೀದಿ ಪಾರದರ್ಶಕವಾಗಿರಲು ಕರ್ನಾಟಕ ಮಾಡಿದ ಕಾಯ್ದೆ) ನಿಯಮಗಳಿವೆ. ಹಣಕಾಸು ಅಧಿಕಾರಿಯನ್ನು ಮೊದಲೇ ಕೇಳಿಕೊಳ್ಳಿ.

ಇಡೀ ಪುಸ್ತಕ ಜೆರಾಕ್ಸ್ ಮಾಡಿಸಿ ಹಂಚಬೇಡಿ, ಪಿಡಿಎಫ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಬಿಡಬೇಡಿ. ಬರೆದವರನ್ನು ಕ್ಯಾಂಪಸ್ಸಿಗೆ ಕರೆದು ಅವರ ಮುಂದೆ ನಕಲು ಪ್ರತಿ ಹಿಡಿದು ಕೂರುವುದು ಸರಿಯಲ್ಲ. ದುಡ್ಡು ಏನೂ ಇಲ್ಲ ಅನ್ನುವ ಕಾಲೇಜಿಗೆ ಬೇರೆ ದಾರಿ ಇದೆ. ನಮ್ಮ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಬರಹ ಎಲ್ಲರದ್ದು. ಅಂಥ ಹಳೆಯ ಒಂದು ಕಥೆಯನ್ನು ನೀವೇ ಟೈಪ್ ಮಾಡಿಸಿ, ಚಿಕ್ಕ ಪುಸ್ತಕ ಮಾಡಿ ಹಂಚಬಹುದು.

ಇನ್ನು ಸೀಲಿನ ವಿಷಯ. ಸಣ್ಣದು ಅನ್ನಿಸಬಹುದು, ಆದರೆ ಎಲ್ಲ ನಿಂತಿರುವುದು ಇದರ ಮೇಲೆ. ಪುಸ್ತಕ ಲೈಬ್ರರಿಗೆ ಬಂದರೆ ಅಕ್ಸೆಷನ್ ರಿಜಿಸ್ಟರಿನಲ್ಲಿ (ಲೈಬ್ರರಿಗೆ ಸೇರಿದ ಪುಸ್ತಕಗಳ ದಾಖಲೆ) ನಂಬರು ಬೀಳುತ್ತದೆ, ಮೊದಲ ಪುಟಕ್ಕೆ, ಒಳಗಿನ ಒಂದು ಪುಟಕ್ಕೆ ಕಾಲೇಜಿನ ಸೀಲು ಬೀಳುತ್ತದೆ. ಆ ಪುಸ್ತಕ ಕಳೆದರೆ ದಂಡ ಕಟ್ಟಬೇಕು. ತಿಂಗಳಿಗೆ ಹದಿನಾಲ್ಕು ಸಾವಿರ ಸಂಬಳದ ಅಟೆಂಡರ್ ಅಂಥ ಪುಸ್ತಕವನ್ನು ಮನೆಗೆ ಒಯ್ಯುವುದೇ ಇಲ್ಲ. ಮಗು ಹರಿದುಬಿಟ್ಟರೆ ಅನ್ನುವ ಭಯ. ಟೇಬಲ್ ಡ್ರಾಯರಿನಲ್ಲಿ ಭದ್ರವಾಗಿ ಇಟ್ಟು, ಕೇಳಿದ ದಿನ ಹೊಸದರಂತೆಯೇ ವಾಪಸ್ ಕೊಡುತ್ತಾರೆ. ಆದ್ದರಿಂದ ಲೈಬ್ರರಿ ಲೆಕ್ಕದಲ್ಲಿ ಕೊಳ್ಳಬೇಡಿ. 'ಉಚಿತ ವಿತರಣೆಗಾಗಿ' ಅಂತ ಬೇರೆಯಾಗಿ ಮಂಜೂರಾತಿ ತೆಗೆದುಕೊಳ್ಳಿ, ಆಡಿಟ್‌ನಲ್ಲೂ ಪ್ರಶ್ನೆ ಬರುವುದಿಲ್ಲ. ಸೀಲಿನ ಬದಲು ಮೊದಲ ಪುಟದಲ್ಲಿ ಒಂದು ಸಾಲು ಅಚ್ಚು ಹಾಕಿಸಿ: 'ಈ ಪುಸ್ತಕ …………… ಅವರದು.' ಹೆಸರು ಅವರೇ ಬರೆದುಕೊಳ್ಳಲಿ. ಲೈಬ್ರರಿಗೆ ಬೇರೆಯಾಗಿ ಹತ್ತು ಪ್ರತಿ ಇದ್ದರೆ ಸಾಕು.

ಕೊಡುವ ದಿನ

ಅಡ್ಮಿಷನ್ ದಿನವೇ ಸರಿಯಾದ ಹೊತ್ತು. ಫೀಸು ಕಟ್ಟಿದ ರಸೀದಿಯ ಜೊತೆ ಪುಸ್ತಕ. ಕೊಡುವವರು ಕೌಂಟರಿನ ಗುಮಾಸ್ತರೇ ಆಗಿರಲಿ. 'ನಾನೂ ಓದಿದೀನಿ, ಚೆನ್ನಾಗಿದೆ, ಓದು ಮಗಳೇ' ಅನ್ನುವ ಒಂದು ಮಾತು ಸಾಕು. ಆ ಹುಡುಗಿಗೆ ಕಾಲೇಜಿನಲ್ಲಿ ಮೊದಲ ಪರಿಚಯ ಅಲ್ಲೇ ಆಗುತ್ತದೆ. ಇದು ಆಗಬೇಕಾದರೆ ಸಿಬ್ಬಂದಿಗೆ ಒಂದು ತಿಂಗಳು ಮೊದಲೇ ಪುಸ್ತಕ ಕೊಟ್ಟಿರಬೇಕು.

ಪುಸ್ತಕದೊಳಗೆ ಒಂದು ಚೀಟಿ ಇಡಿ. ಇದು ಯಾಕೆ, ಯಾವಾಗ ಭೇಟಿ, ಇದಕ್ಕೆ ಅಂಕ ಇಲ್ಲ, ಅರ್ಧ ಓದಿದ್ದರೂ ಬನ್ನಿ. ಇಷ್ಟೇ ಬರೆದರೆ ಸಾಕು. ಒಂದು ದಿನ ಆಚರಿಸಬೇಕು ಅನ್ನಿಸಿದರೆ ಆಗಸ್ಟ್ 12 ಚೆನ್ನಾಗಿ ಹೊಂದುತ್ತದೆ. ಅದು ಎಸ್.ಆರ್. ರಂಗನಾಥನ್ ಅವರ ಜನ್ಮದಿನ, ರಾಷ್ಟ್ರೀಯ ಗ್ರಂಥಪಾಲಕರ ದಿನ. ನಮ್ಮ ದೇಶದ ಗ್ರಂಥಾಲಯಗಳಿಗೆ ದಾರಿ ತೋರಿಸಿದ ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಪುಸ್ತಕ ಇರುವುದು ಬಳಸಲಿಕ್ಕೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಅಂತ ಹೇಳಿದವರು.

ದೃಷ್ಟಿ ಸಮಸ್ಯೆ ಇರುವ ವಿದ್ಯಾರ್ಥಿಗಳನ್ನು ಅಡ್ಮಿಷನ್ ಪಟ್ಟಿ ನೋಡಿ ಮೊದಲೇ ಗುರುತಿಸಿ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಪ್ರಕಾರ ಅವರಿಗಾಗಿ ಬ್ರೈಲ್, ಆಡಿಯೊ ಅಥವಾ ಸ್ಕ್ರೀನ್ ರೀಡರ್ (ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಸಾಫ್ಟ್‌ವೇರ್) ಓದುವ ಪ್ರತಿ ಮಾಡಿಕೊಡಲು ಅವಕಾಶ ಇದೆ. ಅಂಥವರಿಗಾಗಿಯೇ ಇರುವ 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಲೈಬ್ರರಿಯಲ್ಲೂ ಹುಡುಕಿ. ಉಳಿದವರಿಗೆ ಪುಸ್ತಕ ಸಿಕ್ಕ ದಿನವೇ ಅವರಿಗೂ ಸಿಗಬೇಕು, ತಿಂಗಳ ನಂತರ ಅಲ್ಲ.

ಬೋಧಕೇತರ ಸಿಬ್ಬಂದಿ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಹೆಚ್ಚಿನವರು ಕೈಬಿಡುವುದು ಇಲ್ಲೇ.

ಕಾಲೇಜಿನಲ್ಲಿ ಮೂವತ್ತು ವರ್ಷ ಇರುವವರು ಅಟೆಂಡರು, ಮೆಸ್ಸಿನವರು, ಆಫೀಸಿನವರು. ವಿದ್ಯಾರ್ಥಿ ಮೂರು ವರ್ಷಕ್ಕೆ ಹೋಗುತ್ತಾನೆ, ಅಧ್ಯಾಪಕರಿಗೆ ವರ್ಗಾವಣೆ ಆಗುತ್ತದೆ. ಕ್ಯಾಂಪಸ್ಸಿನ ನೆನಪು ಇರುವುದು ಈ ಜನರಲ್ಲಿ. ಅವರನ್ನು ಬಿಟ್ಟು ಸಮುದಾಯ ಕಟ್ಟುತ್ತೇವೆ ಅನ್ನುವುದು ಅಡಿಪಾಯ ಬಿಟ್ಟು ಮನೆ ಕಟ್ಟಿದ ಹಾಗೆ.

ಮೊದಲು ಸಮಯದ ಪ್ರಶ್ನೆ ಬಗೆಹರಿಸಿ. ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸದವರು ಈಗ ಬಹುತೇಕ ಹೊರಗುತ್ತಿಗೆಯವರು. ಡ್ಯೂಟಿ ಬಿಟ್ಟು ಒಂದು ಗಂಟೆ ಕೂತರೆ ಸೂಪರ್‌ವೈಸರ್ ಕೇಳುತ್ತಾರೆ, ಸಂಬಳ ಕಡಿತ ಆಗಬಹುದು. ಆದ್ದರಿಂದ ಪ್ರಿನ್ಸಿಪಾಲರಿಂದ ಏಜೆನ್ಸಿಗೆ ಒಂದು ಪತ್ರ ಹೋಗಲಿ: ಈ ಕಾರ್ಯಕ್ರಮಕ್ಕೆ ಕೂರುವ ಹೊತ್ತೂ ಡ್ಯೂಟಿ ಸಮಯವೇ. ಈ ಪತ್ರ ಇಲ್ಲದೆ 'ಎಲ್ಲರಿಗೂ ಸ್ವಾಗತ' ಅಂತ ಬೋರ್ಡು ಹಾಕಿದರೆ ಆ ಸ್ವಾಗತ ಅವರಿಗೆ ತಲುಪುವುದಿಲ್ಲ. ಹೌಸ್‌ಕೀಪಿಂಗ್ ಅಕ್ಕಂದಿರಿಗೆ ಬೆಳಗಿನ ಕೆಲಸ ಮುಗಿದು ಹನ್ನೊಂದೂವರೆಗೆ ಸ್ವಲ್ಪ ಬಿಡುವು ಇರುತ್ತದೆ. ಮೆಸ್ಸಿನವರಿಗೆ ಮಧ್ಯಾಹ್ನ ಮೂರರಿಂದ ನಾಲ್ಕು. ಅವರನ್ನೇ ಕೇಳಿ ಸಮಯ ಇಡಿ.

ಓದಲು ಬಾರದವರು, ಬಂದರೂ ಅಭ್ಯಾಸ ತಪ್ಪಿದವರು ಇರುತ್ತಾರೆ. ಅವರಿಗಾಗಿ ಗಟ್ಟಿ ಓದು ಇಡಿ. ವಾರಕ್ಕೊಮ್ಮೆ ಮೆಸ್ಸಿನಲ್ಲಿ ಅಥವಾ ಸೆಕ್ಯುರಿಟಿ ರೂಮಿನ ಹತ್ತಿರ ಒಬ್ಬರು ಓದುವುದು, ಉಳಿದವರು ಕೇಳುವುದು. ಅರ್ಧ ಗಂಟೆಯಲ್ಲಿ ಹತ್ತು–ಹನ್ನೆರಡು ಪುಟ ಆಗುತ್ತದೆ. ಮಧ್ಯೆ ಯಾರಾದರೂ ಏನಾದರೂ ಅಂದರೆ ನಿಲ್ಲಿಸಿ, ಮಾತು ಮುಗಿಯಲಿ, ಮತ್ತೆ ಓದಿ. ಲಿವರ್‌ಪೂಲ್‌ನಲ್ಲಿ ಜೇನ್ ಡೇವಿಸ್ ಕಟ್ಟಿದ 'ದಿ ರೀಡರ್' ಸಂಸ್ಥೆಯ ಓದು ನಡೆಯುವುದು ಹೀಗೆಯೇ. ಯಾರೂ ಮೊದಲೇ ಓದಿಕೊಂಡು ಬರಬೇಕಿಲ್ಲ. ನಮ್ಮ ಗಮಕದ ಕ್ರಮವೂ ಇದಕ್ಕೆ ಹತ್ತಿರವೇ ಅಲ್ವಾ? ಓದುವ ಕೆಲಸವನ್ನು ಹಾಸ್ಟೆಲ್ ಹುಡುಗರಿಗೆ ಸರದಿ ಪ್ರಕಾರ ಕೊಡಿ. ಅಡುಗೆಯವರ ಮುಂದೆ ಕಥೆ ಓದಿದ ಹುಡುಗ ಆಮೇಲೆ ಊಟಕ್ಕೆ ತಟ್ಟೆ ಹಿಡಿದು ನಿಂತಾಗ ಸುಮ್ನೆ ನಿಲ್ಲುವುದಿಲ್ಲ, ಹೆಸರು ಹಿಡಿದು ಮಾತಾಡಿಸುತ್ತಾನೆ. ರಾತ್ರಿ ಪಾಳಿಯವರಿಗೆ ಆಡಿಯೊ ಒಳ್ಳೆಯದು. ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಕನ್ನಡ ಆಡಿಯೊ ಪುಸ್ತಕಗಳಿವೆ. ನೀವು ಆರಿಸಿದ್ದು ಅಲ್ಲಿದೆಯೇ ನೋಡಿ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. 'ನಮ್ಮ ಜವಾನರೂ ಪುಸ್ತಕ ಓದಿದರು' ಅಂತ ಫೋಟೊ ತೆಗೆದು ಪೇಪರಿಗೆ ಕೊಡುವುದು ಬೇಡ. ಪ್ರೊಫೆಸರ್ ಓದಿದರೆ ಫೋಟೊ ತೆಗೆಯುವುದಿಲ್ಲ ತಾನೆ? ಓದು ಅವರಿಗೂ ಅಷ್ಟೇ ಸಹಜ ಅಂತ ನಾವು ಒಪ್ಪಿಕೊಂಡರೆ ಮಾತ್ರ ಅವರು ಮುಂದಿನ ವರ್ಷವೂ ಬರುತ್ತಾರೆ.

ಮಾತುಕತೆಯ ಸುತ್ತು

ಓದಲು ನಾಲ್ಕು ವಾರ ಬಿಡಿ. ಆಮೇಲೆ ಸಣ್ಣ ಸಣ್ಣ ಸುತ್ತು. ಒಂದು ಸುತ್ತಿಗೆ ಎಂಟರಿಂದ ಹನ್ನೆರಡು ಜನ, ಮುಕ್ಕಾಲು ಗಂಟೆ. ಇಡೀ ಕಾಲೇಜನ್ನು ಸಭಾಂಗಣದಲ್ಲಿ ಕೂರಿಸಿ ಮೈಕ್ ಕೊಡುವುದು ಮಾತುಕತೆ ಅಲ್ಲ. ಪಟ್ಟಿ ಮಾಡುವಾಗ ಬೇರೆ ಬೇರೆ ವಿಭಾಗದವರನ್ನು ಬೆರೆಸಿ, ಪ್ರತಿ ಸುತ್ತಿನಲ್ಲಿ ಇಬ್ಬರು ಸಿಬ್ಬಂದಿ ಇರುವಂತೆ ನೋಡಿಕೊಳ್ಳಿ. ಅವರಲ್ಲಿ ಒಬ್ಬರಾದರೂ ಬೋಧಕೇತರರು. ಆ ಗುಂಪಿಗೆ ಪಾಠ ಮಾಡುವ ಅಧ್ಯಾಪಕರು ಅದೇ ಸುತ್ತಿನಲ್ಲಿ ಬೇಡ.

ಸಮಯ ಇಡುವಾಗ ಬಸ್ಸು ನೆನಪಿರಲಿ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಳ್ಳಿಯಿಂದ ಬರುತ್ತಾರೆ. ನಾಲ್ಕೂವರೆಯ ಬಸ್ಸು ತಪ್ಪಿದರೆ ಆರೂವರೆಗೆ. ಹೆಣ್ಣುಮಕ್ಕಳಿಗಂತೂ ಮನೆಯಲ್ಲಿ ಉತ್ತರ ಹೇಳಬೇಕಾಗುತ್ತದೆ. 'ಕ್ಲಾಸು ಮುಗಿದ ಮೇಲೆ' ಅಂತ ಇಟ್ಟರೆ ಹಾಸ್ಟೆಲಿನವರು ಮಾತ್ರ ಉಳಿಯುತ್ತಾರೆ. ಟೈಮ್‌ಟೇಬಲ್ ಒಳಗೇ ಒಂದು ಪೀರಿಯಡ್ ಪಡೆಯಿರಿ. ಮೊದಲ ಇಂಟರ್ನಲ್ಸ್‌ಗೆ ಹತ್ತು ದಿನ ಇರುವಾಗಲೇ ಮುಗಿಸಿಬಿಡಿ.

ಕುರ್ಚಿ ದುಂಡಗೆ ಹಾಕಿ, ಎಲ್ಲ ಒಂದೇ ತರಹದ ಕುರ್ಚಿ. ಸುತ್ತಿನೊಳಗೆ ಯಾರಿಗೂ ಏಕವಚನ ಇಲ್ಲ. ವಿದ್ಯಾರ್ಥಿ ಅಟೆಂಡರನ್ನು 'ಅಣ್ಣ' ಅನ್ನಲಿ, ಪ್ರೊಫೆಸರ್ ಕೂಡ ವಿದ್ಯಾರ್ಥಿಯನ್ನು 'ನೀವು' ಅನ್ನಲಿ. ಮುಕ್ಕಾಲು ಗಂಟೆಯ ಮಟ್ಟಿಗಾದರೂ.

ನಡೆಸುವವರು ಇಬ್ಬರು: ಒಬ್ಬ ಸೀನಿಯರ್ ವಿದ್ಯಾರ್ಥಿ, ಒಬ್ಬ ಸಿಬ್ಬಂದಿ. ಅವರಿಗೆ ಒಂದು ಮಧ್ಯಾಹ್ನ ತರಬೇತಿ ಕೊಡಿ. ಅವರು ಕಲಿಯಬೇಕಾದದ್ದು ಪ್ರಶ್ನೆ ಕೇಳುವುದು ಮತ್ತು ಸುಮ್ಮನಿರುವುದು. 'ಈ ಕೃತಿಯ ಆಶಯವೇನು?' ಅಂತ ಕೇಳಿ ನೋಡಿ. ಹುಡುಗರು ತಲೆ ತಗ್ಗಿಸುತ್ತಾರೆ, ಅಧ್ಯಾಪಕರೊಬ್ಬರು ಹತ್ತು ನಿಮಿಷ ಉತ್ತರ ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಅದರ ಬದಲು 'ಯಾವ ಪುಟದಲ್ಲಿ ಪುಸ್ತಕ ಮುಚ್ಚಿಡಬೇಕು ಅನ್ನಿಸಿತು?' ಅಂತ ಕೇಳಿ. ಓದಿದವರಿಗೆಲ್ಲ ಉತ್ತರ ಇರುತ್ತದೆ, ಯಾರ ಉತ್ತರವೂ ತಪ್ಪಲ್ಲ. 'ಇದರಲ್ಲಿ ಯಾರನ್ನು ಮನೆಗೆ ಊಟಕ್ಕೆ ಕರೆಯುತ್ತೀರಿ, ಯಾರನ್ನು ಕರೆಯುವುದಿಲ್ಲ?' 'ಈ ಅಮ್ಮ ಮಾಡಿದ್ದು ಸರಿಯಾ?' ಇಂಥವು ನಡೆಯುತ್ತವೆ. ತಾಯಿ–ಮಗಳ ಜಗಳ ಇರುವ ಕಥೆಯಲ್ಲಿ ಹತ್ತೊಂಬತ್ತರ ಹುಡುಗಿ ಮಗಳ ಪರ ನಿಲ್ಲುತ್ತಾಳೆ, ಅದೇ ವಯಸ್ಸಿನ ಮಗಳಿರುವ ಆಫೀಸಿನ ಮೇಡಂ ತಾಯಿಯ ಪರ. ಆಗ ಅವರಿಬ್ಬರ ನಡುವೆ ನಡೆಯುವ ಮಾತು ಬೇರೆ ಯಾವ ಕಾರ್ಯಕ್ರಮದಲ್ಲೂ ನಡೆಯುವುದಿಲ್ಲ.

ಪ್ರಶ್ನೆ ಕೇಳಿದ ಮೇಲೆ ಮೌನ ಬಂದರೆ ಗಾಬರಿಯಾಗಿ ತುಂಬಬೇಡಿ. ಸ್ವಲ್ಪ ಕಾಯಿರಿ, ಯಾರಾದರೂ ಬಾಯಿ ಬಿಡುತ್ತಾರೆ. ಅಧ್ಯಾಪಕರಿಗೆ ಒಂದು ನಿಯಮ ಮಾಡಿ: ಮೂರು ಜನ ಮಾತಾಡಿದ ಮೇಲಷ್ಟೇ ಅವರ ಸರದಿ. ಓದದೆ ಬಂದವರನ್ನು ಕೇಳಿ ಮುಜುಗರ ಮಾಡಬೇಡಿ. ಶುರುವಿನಲ್ಲೇ ಎರಡು ಪುಟ ಗಟ್ಟಿಯಾಗಿ ಓದಿಬಿಟ್ಟರೆ ಅವರೂ ಆ ಎರಡು ಪುಟದ ಬಗ್ಗೆ ಮಾತಾಡಬಹುದು. ಚಹಾ, ಬಿಸ್ಕತ್ತು ಇರಲಿ. ಅದನ್ನು ಕೊಡುವವರೂ ಕೊಟ್ಟು ಹೊರಗೆ ಹೋಗದೆ ಕೂರಲಿ.

ಲೇಖಕರು ಬಂದಾಗ

ಸುತ್ತುಗಳು ಮುಗಿದ ಮೇಲೆ ಲೇಖಕರನ್ನು ಕರೆಯಿರಿ, ಮೊದಲೇ ಅಲ್ಲ. ಓದಿ, ಮಾತಾಡಿ ಬಂದವರ ಪ್ರಶ್ನೆಗಳೇ ಬೇರೆ ಥರ ಇರುತ್ತವೆ. ಪ್ರಯಾಣದ ಖರ್ಚು, ಗೌರವಧನ ಎಷ್ಟು ಅಂತ ಮೊದಲ ಫೋನಿನಲ್ಲೇ ಹೇಳಿ. ವೇದಿಕೆಯಲ್ಲಿ ಇಬ್ಬರು ಸಾಕು: ಲೇಖಕರು ಮತ್ತು ಮಾತಾಡಿಸುವ ಒಬ್ಬ ವಿದ್ಯಾರ್ಥಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿ ಪರಿಚಯ, ಹಾರ, ಶಾಲು, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ ಸೇರಿದರೆ ಒಂದೂವರೆ ಗಂಟೆ ಹೋಗುತ್ತದೆ, ಪ್ರಶ್ನೆಗೆ ಹತ್ತು ನಿಮಿಷ ಉಳಿಯುತ್ತದೆ. ಸ್ವಾಗತ ಎರಡು ನಿಮಿಷ, ಉಳಿದ ಸಮಯವೆಲ್ಲ ಓದುಗರಿಗೆ. ಮೊದಲ ಪ್ರಶ್ನೆ ಬೋಧಕೇತರ ಸಿಬ್ಬಂದಿಯಿಂದ ಬರುವಂತೆ ಮೊದಲೇ ಒಬ್ಬರನ್ನು ಕೇಳಿಕೊಂಡಿರಿ. ಆಮೇಲೆ ಉಳಿದವರಿಗೂ ಧೈರ್ಯ ಬರುತ್ತದೆ.

ತಕರಾರು ಬಂದರೆ

ಒಳ್ಳೆಯ ಪುಸ್ತಕಕ್ಕೆ ಆಕ್ಷೇಪ ಬರುವ ಸಾಧ್ಯತೆ ಯಾವಾಗಲೂ ಇದೆ. ಜಾತಿ, ಧರ್ಮ, ಭಾಷೆ, ಬೈಗುಳ, ಯಾವುದರ ಮೇಲಾದರೂ ಬರಬಹುದು. 2002ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಹೊಸ ವಿದ್ಯಾರ್ಥಿಗಳಿಗೆ ಕುರಾನಿನಲ್ಲಿ ಮೊದಮೊದಲು ಪ್ರಕಟವಾದವು ಎನ್ನಲಾದ ಅಧ್ಯಾಯಗಳ ಅನುವಾದ ಮತ್ತು ವಿವರಣೆ ಇರುವ ಪುಸ್ತಕ ಆರಿಸಿತು. ಸೆಪ್ಟೆಂಬರ್ 11ರ ದಾಳಿ ನಡೆದು ಒಂದು ವರ್ಷವೂ ಆಗಿರಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. ಕೋರ್ಟು ಕಾರ್ಯಕ್ರಮ ತಡೆಯಲಿಲ್ಲ. ಓದಲು ಇಷ್ಟವಿಲ್ಲದವರು ಯಾಕೆ ಓದುವುದಿಲ್ಲ ಅಂತ ಬರೆದು ಕೊಡಬಹುದು ಅಂತ ವಿಶ್ವವಿದ್ಯಾಲಯ ಅವಕಾಶ ಮಾಡಿತ್ತು.

ಮೊದಲು ಹೇಳಿದ 'ಗೋ ಬಿಗ್ ರೀಡ್'ನ ಮ್ಯಾಡಿಸನ್ ವಿಶ್ವವಿದ್ಯಾಲಯದ ಅನುಭವ ಇನ್ನೊಂದು ಬಗೆಯದು. ಅವರ ಮೊದಲ ಪುಸ್ತಕ ಆಹಾರದ ಬಗ್ಗೆ ಮೈಕೆಲ್ ಪೊಲನ್ ಬರೆದದ್ದು. ದೊಡ್ಡ ಉದ್ಯಮವಾಗಿರುವ ಆಹಾರ ಪದ್ಧತಿಯನ್ನು ಅದು ಟೀಕಿಸುತ್ತದೆ. ವಿಸ್ಕಾನ್ಸಿನ್ ಹೈನುಗಾರಿಕೆಯ ರಾಜ್ಯ. ಅಲ್ಲಿನ ರೈತರಿಗೆ, ಕೃಷಿ ವಿದ್ಯಾರ್ಥಿಗಳಿಗೆ ಬೇಸರವಾಯಿತು. ಪೊಲನ್ ಭಾಷಣಕ್ಕೆ ಸಾವಿರಾರು ಜನ ಸೇರಿದಾಗ, ರೈತರ ಪರ ಅಂತ ಬರೆದ ಹಸಿರು ಟೀ ಶರ್ಟ್ ಹಾಕಿಕೊಂಡು ಅವರೂ ಬಂದು ಕೂತರು. ವಿಶ್ವವಿದ್ಯಾಲಯದ ಓದಿನಲ್ಲಿ ಸುತ್ತಲಿನ ರೈತರೂ ಪಾಲುಗೊಂಡರು ಅಂದರೆ ಅದು ದೊಡ್ಡ ಗೆಲುವು ಅಂತ ನನ್ನ ಅಭಿಪ್ರಾಯ.

ನೀವು ಮಾಡಬೇಕಾದದ್ದು ಇಷ್ಟು. ಈ ಪುಸ್ತಕ ಯಾಕೆ ಆರಿಸಿದೆವು ಅಂತ ಒಂದು ಪುಟ ಬರೆದು, ಸಮಿತಿಯ ಎಲ್ಲರೂ ಸಹಿ ಮಾಡಿ ಇಟ್ಟುಕೊಳ್ಳಿ. ಆಕ್ಷೇಪ ಎತ್ತುವವರಿಗೆ ಮೊದಲು ಪುಸ್ತಕ ಕೊಟ್ಟು ಪೂರ್ತಿ ಓದಲು ಕೇಳಿ, ಆಮೇಲೆ ಒಂದು ಸುತ್ತಿಗೆ ಕರೆಯಿರಿ. ಓದಲು ಇಷ್ಟವಿಲ್ಲದವರಿಗೆ ಒತ್ತಾಯ ಇಲ್ಲ ಅನ್ನುವುದು ಮೊದಲ ದಿನದಿಂದಲೇ ಸ್ಪಷ್ಟ ಇರಲಿ. ಅಂಕ ಇಡದಿರುವುದು ಇಲ್ಲೂ ಕೈಹಿಡಿಯುತ್ತದೆ.

ವರ್ಷದ ಕೊನೆಗೆ

ಎಷ್ಟು ಜನ ಬಂದರು ಅನ್ನುವ ಹಾಜರಿ ಪುಸ್ತಕ ನ್ಯಾಕ್ ಫೈಲಿಗೆ ಬೇಕು, ಇಟ್ಟುಕೊಳ್ಳಿ. ಆದರೆ ನಿಮಗೆ ನಿಜವಾಗಿ ತಿಳಿಯಬೇಕಾದದ್ದು ಬೇರೆ. ಸೆಮಿಸ್ಟರ್ ಮುಗಿಯುವಾಗ ಒಂದು ಚೀಟಿಯಲ್ಲಿ ಎರಡೇ ಪ್ರಶ್ನೆ ಕೇಳಿ. ಈ ಪುಸ್ತಕದಿಂದಾಗಿ ಮೊದಲು ಮಾತಾಡದ ಯಾರ ಜೊತೆಯಾದರೂ ಮಾತಾಡಿದಿರಾ? ಅವರು ಯಾವ ವಿಭಾಗದವರು? ಹೆಸರು ಬರೆಯುವುದು ಬೇಡ, ಬರೆದವರದ್ದೂ ಬೇಡ. ಉತ್ತರಗಳಲ್ಲಿ ಬರೀ ತಮ್ಮ ತರಗತಿಯವರೇ ಇದ್ದರೆ ಮುಂದಿನ ವರ್ಷ ಸುತ್ತುಗಳನ್ನು ಬೇರೆ ರೀತಿ ಬೆರೆಸಿ. ಆಫೀಸು, ಮೆಸ್ಸು, ಗೇಟು, ಲ್ಯಾಬು ಅಂತ ಬಂದರೆ ಇದ್ದ ಹಾಗೆಯೇ ಮುಂದುವರಿಸಿ.

ಡಿಸೆಂಬರ್ ಬಂದ ಕೂಡಲೇ ಲೈಬ್ರರಿ ಬಾಗಿಲಿಗೆ ಸಲಹೆ ಡಬ್ಬ ಮತ್ತೆ ಹೋಗಬೇಕು. ಸಮಿತಿಯಲ್ಲಿ ಅರ್ಧ ಜನ ಹಳಬರು ಉಳಿಯಲಿ, ಅರ್ಧ ಹೊಸಬರು ಬರಲಿ. ಪ್ರಕಾಶಕರ ಫೋನ್ ನಂಬರು, ಮಂಜೂರಾತಿ ಪತ್ರದ ನಕಲು, ಏಜೆನ್ಸಿಗೆ ಬರೆದ ಪತ್ರ, ಚೆನ್ನಾಗಿ ನಡೆದ ಪ್ರಶ್ನೆಗಳ ಪಟ್ಟಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಹಾಕಿ ಲೈಬ್ರರಿಯಲ್ಲಿಡಿ. ಉಳಿದ ಪ್ರತಿಗಳನ್ನು ಹತ್ತಿರದ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ. ಕೊಡಲು ಹೋಗುವಾಗ ಆ ಊರಿನ ವಿದ್ಯಾರ್ಥಿಯನ್ನೇ ಕರೆದುಕೊಂಡು ಹೋಗಿ, ಅಲ್ಲಿಯೂ ಒಂದು ಗಟ್ಟಿ ಓದು ಇಡಬಹುದೇ ಅಂತ ಕೇಳಿ ಬನ್ನಿ.